ಹದಿನಾಲ್ಕು ಬಾವಿ, ಒಂದೇ ನೀರು

ಆರ್ಡಿತ್ ಸ್ಕೋಗ್ಲಂಡ್ ತೀರಿಕೊಂಡಾಗ ನಮ್ಮೂರ ಪತ್ರಿಕೆಯವರು ಅವಳ ಬಗ್ಗೆ ಆರು ಸಾಲು ಬರೆದರು. ಕೌಂಟಿಯ, ಅಂದರೆ ನಮ್ಮ ಜಿಲ್ಲೆಯ, ಆರೋಗ್ಯ ಮಂಡಳಿಯಲ್ಲಿ ಮೂವತ್ತೊಂದು ವರ್ಷ ಸೇವೆ ಸಲ್ಲಿಸಿದ್ದರು, ಮೃದು ಸ್ವಭಾವದವರು, ತೋಟಗಾರಿಕೆಯಲ್ಲಿ ಆಸಕ್ತಿ ಇತ್ತು ಅಂತ. ಮೃದು ಸ್ವಭಾವವಂತೆ, ಮಣ್ಣಂಗಟ್ಟಿ! ಆ ಹೆಂಗಸು ಬಾಯಿ ತೆರೆದರೆ ಕೋರ್ಟು ಕಟ್ಟಡದ ಮೂರನೇ ಮಹಡಿಯಲ್ಲಿದ್ದ ನ್ಯಾಯಾಧೀಶರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಅವಳ ಮನೆ ಮುಂದೆ ಒಂದೇ ಒಂದು ಗಿಡ ನೆಟ್ಟಗೆ ಬದುಕಿದ್ದನ್ನು ನಾನು ಕಂಡಿಲ್ಲ. ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಅವಳು ಯಾರು ಅಂತ ಒಬ್ಬರಾದರೂ ಸರಿಯಾಗಿ ಹೇಳಬೇಕಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಲವಾನ್ ಎಂಗೆಬ್ರೆಟ್ಸನ್, ಅದೇ ಮಂಡಳಿಯ ಗುಮಾಸ್ತೆಯಾಗಿದ್ದವಳು.

ಮಂಡಳಿ ಅಂದರೆ ಐದು ಜನ. ತಿಂಗಳ ಎರಡನೇ ಮಂಗಳವಾರ ಸಂಜೆ ಕೋರ್ಟು ಕಟ್ಟಡದ ನೆಲಮಾಳಿಗೆಯಲ್ಲಿ ಸೇರಿ, ಕಾಫಿ ಕುಡಿದು, ಕೈ ಎತ್ತಿ, ಮನೆಗೆ ಹೋಗುವವರು. ಕೆಲಸ ಮಾಡುತ್ತಿದ್ದದ್ದು ಒಬ್ಬ ನರ್ಸಮ್ಮ, ಕಾಗದ ಪತ್ರಕ್ಕೆ ನಾನು, ಉಳಿದ ಎಲ್ಲದಕ್ಕೂ ಆರ್ಡಿತ್. ಹೋಟೆಲಿನ ಅಡುಗೆಮನೆ, ಕಕ್ಕಸಿನ ಗುಂಡಿ, ನಾಯಿ ಕಚ್ಚಿದ್ದು, ಬಾವಿ ನೀರು, ಎಲ್ಲವೂ ಅವಳ ತಲೆಗೇ. ಹುದ್ದೆಯ ಹೆಸರು ಇನ್‌ಸ್ಪೆಕ್ಟರ್. ಜನ ಮಾತ್ರ ಬೇರೆ ಬೇರೆ ಹೆಸರಿಟ್ಟಿದ್ದರು, ಒಂದನ್ನೂ ಇಲ್ಲಿ ಬರೆಯುವಂತಿಲ್ಲ.

ಅವಳಪ್ಪ ಮನೆಮನೆಗೆ ಹಾಲು ಹಾಕುತ್ತಿದ್ದವನು. ಹಸುಗಳಿಗೆ ರೋಗ ಇದೆಯೋ ಇಲ್ಲವೋ ಪರೀಕ್ಷೆ ಮಾಡಿಸು ಅಂದರೆ, ‘ನನ್ನ ಹಸು ನನಗೆ ಗೊತ್ತು’ ಅನ್ನುತ್ತಿದ್ದನಂತೆ. ಅದೇ ಹಾಲು ಕುಡಿದು ಆರ್ಡಿತ್ ಹನ್ನೆರಡನೇ ವಯಸ್ಸಿಗೆ ಜ್ವರ ಹಿಡಿದು ಮಲಗಿದಳು. ಬಿಟ್ಟು ಬಿಟ್ಟು ಬರುವ ಜ್ವರ, ಎರಡು ವರ್ಷ ಶಾಲೆಯ ಮುಖ ನೋಡಲಿಲ್ಲ. ಬೀದಿಯ ಇನ್ನೂ ಮೂರು ಮನೆಯವರು ಹಾಗೇ ಮಲಗಿದರು. ಯಾರೂ ಅವಳಪ್ಪನನ್ನು ಒಂದು ಮಾತು ಕೇಳಲಿಲ್ಲ. ಒಳ್ಳೆಯ ಮನುಷ್ಯ, ಪಾಪ, ಮನಸ್ಸು ನೋಯಿಸುವುದು ಹೇಗೆ! ‘ನನ್ನ ಮೂಳೆ ನೋಯ್ತಿದ್ರೂ ಪರವಾಗಿಲ್ಲ, ಅಪ್ಪನ ಮನಸ್ಸು ನೋಯಬಾರದು, ಇದು ನಮ್ಮೂರು ಕಣೇ’ ಅಂತ ಆರ್ಡಿತ್ ಒಮ್ಮೆ ನನ್ನ ಹತ್ತಿರ ಹೇಳಿದ್ದಳು.

ಕೆಲಸಕ್ಕೆ ಸೇರಿದ ಎರಡನೇ ವರ್ಷ ನಮ್ಮ ಕೌಂಟಿಯ ಬ್ರೆಕ್ಕೆ ಹಳ್ಳಿಯ ಲೂಥರನ್ ಚರ್ಚಿನ ಒಣಮೀನಿನ ಊಟವನ್ನೇ ಅವಳು ನಿಲ್ಲಿಸಿಬಿಟ್ಟಳು. ನಾನೂರು ಜನ ತಟ್ಟೆ ಹಿಡಿದು ನಿಂತಿದ್ದಾರೆ, ಇವಳು ಸಾರಿನ ಪಾತ್ರೆಗೆ ಉಷ್ಣಮಾಪಕ ಅದ್ದಿ, ‘ಉಗುರು ಬೆಚ್ಚಗೂ ಇಲ್ಲ, ಚೆಲ್ಲಿ ಇದನ್ನ’ ಅಂದಳು. ಪಾದ್ರಿಗಳು ನಗುತ್ತ ಸಮಾಧಾನಕ್ಕೆ ಬಂದರೆ, ‘ನೀವು ಆತ್ಮ ನೋಡ್ಕೊಳ್ಳಿ, ಹೊಟ್ಟೆ ನನಗೆ ಬಿಡಿ’ ಅಂದಳು. ಆಮೇಲೆ ಹತ್ತು ವರ್ಷ ಯಾರ ಮನೆಗೆ ಹೋದರೂ, ‘ಆರ್ಡಿತ್, ಕಾಫಿ ಕುಡೀತೀಯಾ, ಇಲ್ಲಾ ಮೊದಲು ಜ್ವರ ನೋಡ್ತೀಯಾ?’ ಅಂತ ಕಿಚಾಯಿಸುವುದು ಇದ್ದೇ ಇತ್ತು. ಅವಳು ನಗುತ್ತಿರಲಿಲ್ಲ, ಕಾಫಿ ಮಾತ್ರ ಕುಡಿಯುತ್ತಿದ್ದಳು.

ಈಗ ಹೇಳಬೇಕಾದದ್ದು ೧೯೮೪ರ ವಸಂತದ ಮಾತು. ಆ ವರ್ಷ ಹಿಮ ಕರಗಿ ಹೊಲವೆಲ್ಲ ಕೆರೆಯಾಗಿತ್ತು. ನಮ್ಮ ಕಡೆ ನೆಲದಡಿ ಸುಣ್ಣಕಲ್ಲು, ಅದರ ತುಂಬ ಬಿರುಕು. ಮೇಲೆ ಸುರಿದದ್ದು ನಾಲ್ಕು ದಿನಕ್ಕೆ ಬಾವಿಗೆ ಬರುತ್ತದೆ. ಮೇಲೆ ಸುರಿಯುತ್ತಿದ್ದದ್ದು ಹಂದಿ ಗೊಬ್ಬರ ಮತ್ತು ಜೋಳಕ್ಕೆ ಹಾಕುವ ರಸಗೊಬ್ಬರ. ಬ್ರೆಕ್ಕೆಯ ಎರಡು ಬಾವಿಗಳಲ್ಲಿ ನೈಟ್ರೇಟ್, ಅಂದರೆ ಗೊಬ್ಬರದಿಂದ ಇಳಿಯುವ ಲವಣ, ಮೂವತ್ತು ದಾಟಿದ್ದು ಆರ್ಡಿತ್‌ಗೆ ಸಿಕ್ಕಿತು. ಹತ್ತರೊಳಗಿದ್ದರೆ ಸರಿ, ದಾಟಿದರೆ ಅಪಾಯ. ದೊಡ್ಡವರಿಗೆ ಏನೂ ಆಗುವುದಿಲ್ಲ, ರುಚಿಯೂ ತಿಳಿಯುವುದಿಲ್ಲ. ಬಾಟಲಿ ಹಾಲು ಕುಡಿಯುವ ಎಳೆಗೂಸಿಗೆ ಆ ನೀರಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ರಕ್ತಕ್ಕೆ ಉಸಿರು ಹೊರುವ ಶಕ್ತಿಯೇ ಹೋಗಿ, ಮಗು ನೀಲಿಗಟ್ಟಿ ಸಾಯುತ್ತದೆ.

ಮನೆಮನೆಗೆ ಹೋಗಿ ನೀರು ಹಿಡಿದು ತರುತ್ತೇನೆ ಅಂದಳು ಆರ್ಡಿತ್. ಮಂಡಳಿಯ ಅಧ್ಯಕ್ಷ ಅರ್ವಿಡ್ ಟೋಸ್ಟ್ರುಡ್ ಬೇಡ ಅಂದ. ಅರ್ವಿಡ್‌ಗೆ ಬ್ರೆಕ್ಕೆಯಲ್ಲಿ ಎರಡು ಸಾವಿರ ಹಂದಿ.

‘ನಿನ್ನ ಆ ಕೌಂಟಿ ಗಾಡಿ ಒಬ್ರ ಅಂಗಳದಲ್ಲಿ ನಿಂತಿದ್ರೆ ಹತ್ತು ಮೈಲಿ ಸುದ್ದಿ ಆಗುತ್ತೆ ಆರ್ಡಿತ್. ಏನೋ ಗಲೀಜಿದೆ ಅಂತ ಜನ ಆಡ್ಕೋತಾರೆ. ಬಾಟಲಿ ಚರ್ಚಲ್ಲಿ ಹಂಚೋಣ. ಅವರವರೇ ತುಂಬ್ಕೊಂಡು ಭಾನುವಾರ ತಂದಿಡ್ಲಿ. ಯಾರಿಗೂ ಮುಜುಗರ ಇಲ್ಲ’ ಅಂದ.

ಎಲ್ಲರೂ ಕೈ ಎತ್ತಿದರು. ಮುಜುಗರ ಇಲ್ಲ ಅಂದರೆ ಸಾಕು, ನಮ್ಮವರು ನರಕಕ್ಕೂ ಸಾಲಾಗಿ ನಡೆದುಹೋಗುತ್ತಾರೆ.

ಹದಿನಾಲ್ಕು ಬಾಟಲಿ ಹಂಚಿದೆವು. ಭಾನುವಾರ ಹದಿನಾಲ್ಕೂ ವಾಪಸ್ ಬಂದವು. ಒಂದೂ ಕಮ್ಮಿಯಿಲ್ಲ! ಅಲ್ಲೇ ಅನುಮಾನ ಬರಬೇಕಿತ್ತು. ಪ್ರಯೋಗಾಲಯದ ಫಲಿತಾಂಶ ಬಂದ ದಿನ ಆರ್ಡಿತ್ ಊರಲ್ಲಿರಲಿಲ್ಲ. ಹತ್ತರೊಳಗಿದ್ದರೆ ‘ನಿಮ್ಮ ನೀರು ಎಳೆಗೂಸಿಗೂ ಯೋಗ್ಯ’ ಅನ್ನುವ ಅಚ್ಚುಹಾಕಿದ ಪತ್ರ ಕಳಿಸಬೇಕು, ಅದು ನನ್ನ ಕೆಲಸ. ಆರ್ಡಿತ್‌ಳ ಸಹಿಯ ರಬ್ಬರ್ ಮೊಹರು ನನ್ನ ಮೇಜಿನ ಖಾನೆಯಲ್ಲಿತ್ತು. ಹದಿನಾಲ್ಕು ಪತ್ರಕ್ಕೂ ಮೊಹರು ಒತ್ತಿ ಮಧ್ಯಾಹ್ನದ ಟಪಾಲಿಗೆ ಹಾಕಿದೆ.

ಎರಡು ದಿನ ಬಿಟ್ಟು ಆರ್ಡಿತ್ ಬಂದು ಹಾಳೆ ನೋಡಿದಳು. ಎರಡು ಸಲ ನೋಡಿದಳು.

‘ಲವಾನ್, ಬಾರೇ ಇಲ್ಲಿ. ಏನಿದು? ಎರಡು ಪಾಯಿಂಟ್ ಒಂದು, ಎರಡು ಪಾಯಿಂಟ್ ಒಂದು, ಎರಡು ಪಾಯಿಂಟ್ ಒಂದು... ಹದಿನಾಲ್ಕು ಬಾವಿ, ಒಂದೇ ನೀರಾ?’

‘ಪ್ರಯೋಗಾಲಯದವರು ಏನೋ ಎಡವಟ್ಟು ಮಾಡಿರಬಹುದು’ ಅಂದೆ.

‘ಎಡವಟ್ಟು ಮಾಡಿರೋದು ಅವರಲ್ಲ. ಈ ಮೂವತ್ತು ದಾಟಿದ್ದ ಬಾವಿ ಎರಡೂ ಇದರಲ್ಲೇ ಇದಾವೆ. ರಾತ್ರಿ ಬೆಳಗಾಗೋದ್ರೊಳಗೆ ಪವಿತ್ರ ಜೋರ್ಡನ್ ನದಿ ಆಗೋಯ್ತಾ?’

ಆ ಭಾನುವಾರ ಅವಳು ಪ್ರಾರ್ಥನೆ ನಡೆಯುತ್ತಿದ್ದಾಗಲೇ ಚರ್ಚಿನ ಅಡುಗೆಮನೆಗೆ ನುಗ್ಗಿ ನಲ್ಲಿಯಿಂದ ಒಂದು ಬಾಟಲಿ ತುಂಬಿಸಿಕೊಂಡು ಬಂದಳು. ಚರ್ಚಿನದು ನಾನೂರು ಅಡಿ ಕೊರೆದ ಬಾವಿ, ಚೊಕ್ಕಟ ನೀರು. ಫಲಿತಾಂಶ ಬಂತು: ಎರಡು ಪಾಯಿಂಟ್ ಒಂದು.

ಅಷ್ಟೂ ಜನ ಬಾಟಲಿ ತುಂಬಿಸಿದ್ದು ಚರ್ಚಿನ ನಲ್ಲಿಯಲ್ಲಿ! ಒಬ್ಬರಿಗೊಬ್ಬರು ಹೇಳಿಕೊಂಡು ಮಾಡಿದ್ದಲ್ಲ. ಹೆಚ್ಚುಕಮ್ಮಿ ಪ್ರತಿಯೊಬ್ಬರೂ ತಾನೊಬ್ಬನೇ ಅಂದುಕೊಂಡಿದ್ದರು. ತನ್ನ ಬಾವಿ ಕೆಟ್ಟಿದೆ ಅಂತ ಕೋರ್ಟಿನ ಕಡತಕ್ಕೆ ಹೋಗುವುದು ಬೇಡ, ಪಕ್ಕದವನ ಗೊಬ್ಬರದ ಗುಂಡಿಯ ಕಡೆ ಬೆರಳು ತೋರಿಸಿದಂತಾಗುವುದೂ ಬೇಡ. ಖಾಲಿ ಬಾಟಲಿ ವಾಪಸ್ ಕೊಟ್ಟರೆ ಪಾಪ ಆರ್ಡಿತ್‌ಗೆ ಬೇಜಾರಾಗುತ್ತದೆ. ಅದಕ್ಕೇ ತುಂಬಿಸಿಯೇ ಕೊಟ್ಟರು, ಮುಚ್ಚಳ ಒರೆಸಿ, ಹೆಸರು ದುಂಡಗೆ ಬರೆದು. ಇಂಥ ಮರ್ಯಾದೆಗೆ ಬೆಂಕಿ ಹಾಕ!

ಜನನ ದಾಖಲೆಯ ಪುಸ್ತಕವೂ ನನ್ನ ಮೇಜಿನ ಮೇಲೇ ಇರುತ್ತಿತ್ತು. ಆರ್ಡಿತ್ ಅದನ್ನು ಎಳೆದುಕೊಂಡು ಹದಿನಾಲ್ಕು ಹೆಸರನ್ನೂ ಹುಡುಕಿದಳು. ಒಂದು ಕಡೆ ಬೆರಳು ನಿಂತಿತು. ಕರ್ಟ್ ಹೌಗೆನ್ ಮತ್ತು ಜೋಲೀನ್, ಹೆಣ್ಣು ಮಗು, ಹೈಡಿ, ಎಂಟು ವಾರ. ಹೌಗೆನ್ ಮನೆ ಅರ್ವಿಡ್‌ನ ಗೊಬ್ಬರದ ಗುಂಡಿಯಿಂದ ಒಂದು ಬೇಲಿಯಾಚೆ.

ಮರುದಿನವೇ ಮೇ ತಿಂಗಳ ಸಭೆ. ಆರ್ಡಿತ್ ಕೂರಲಿಲ್ಲ, ನಿಂತೇ ಮಾತಾಡಿದಳು. ಮಾಲೀಕರು ಒಪ್ಪದಿದ್ದರೂ ಅಂಗಳಕ್ಕೆ ಹೋಗಿ ನೀರು ಹಿಡಿಯಲು ಮಂಡಳಿಯ ಅಪ್ಪಣೆ ಬೇಕು, ಈಗಲೇ ಕೊಡಿ, ಒಂದು ಕೂಸಿದೆ ಅಂದಳು.

ಅರ್ವಿಡ್ ಕಾಫಿ ಲೋಟ ತಿರುಗಿಸುತ್ತ, ‘ಕರ್ಟ್ ಒಳ್ಳೆ ಹುಡುಗ. ಅವರಪ್ಪನ್ನ ನಾನು ಬಲ್ಲೆ. ಅವನು ಸುಳ್ಳು ಬಾಟಲಿ ಕೊಟ್ಟ ಅಂತೀಯಾ?’ ಅಂದ.

‘ಅಂತೀನಿ.’

‘ಹಾಗೆಲ್ಲ ಒಬ್ಬರ ಬಗ್ಗೆ ಹೇಳಬಾರ್ದು ಆರ್ಡಿತ್.’

‘ನಿಮ್ಮ ಬಾಟಲೀನೂ ಎರಡು ಪಾಯಿಂಟ್ ಒಂದೇ ಅರ್ವಿಡ್. ನಿಮ್ಮ ಬಗ್ಗೇನೂ ಹೇಳ್ತಿದೀನಿ.’

ಕುರ್ಚಿಗಳು ಕಿರುಗುಟ್ಟಿದವು. ಮಂಡಳಿಯಲ್ಲಿದ್ದ ಮುದಿ ಡಾಕ್ಟರು ಗಂಟಲು ಸರಿಮಾಡಿಕೊಂಡು, ತನ್ನ ನಲವತ್ತು ವರ್ಷದಲ್ಲಿ ಒಂದೂ ನೀಲಿ ಮಗು ನೋಡಿಲ್ಲ ಅಂದರು. ಈಗ ಬಿತ್ತನೆ ಸಮಯ, ಜನ ಹೊಲದಲ್ಲಿದ್ದಾರೆ, ಮುಂದಿನ ತಿಂಗಳು ನೋಡೋಣ ಅಂತಾಯಿತು. ಐವರಲ್ಲಿ ನಾಲ್ವರು ಕೈ ಎತ್ತಿದರು. ಎಂಟು ವಾರದ ಮಗುವಿಗೆ ನಾಲ್ಕು ವಾರ ಕಾಯಿ ಅಂದರು ಪುಣ್ಯಾತ್ಮರು!

ಮರುದಿನ ಬೆಳಗ್ಗೆ ಆರ್ಡಿತ್ ಗಾಡಿಯ ಕೀಲಿ ತೆಗೆದುಕೊಂಡಳು. ‘ಎಲ್ಲಿಗೆ?’ ಅಂದೆ. ‘ಕೆಲಸ ಕಳ್ಕೊಳ್ಳೋಕೆ’ ಅಂದಳು. ನನಗೆ ಸುಮ್ಮನೆ ಕೂರಲಾಗಲಿಲ್ಲ. ಕೋಟು ಹಾಕಿಕೊಂಡು ನಾನೂ ಹತ್ತಿದೆ.

ಜೋಲೀನ್ ಬಾಗಿಲು ತೆರೆದಳು. ಇಪ್ಪತ್ತೆರಡು ವರ್ಷ, ನಿದ್ದೆಯಿಲ್ಲದ ಮುಖ, ಹೆಗಲ ಮೇಲೆ ಮಗು. ನಮ್ಮನ್ನು ಕೂರಿಸಿ ಕಾಫಿ ಇಟ್ಟಳು, ಬೆಲ್ಲದ ಪಾಕದ ಓಟ್ಸ್ ಬಿಲ್ಲೆಗಳ ತಟ್ಟೆ ಮುಂದಿಟ್ಟಳು. ಒಲೆಯ ಮೇಲೆ ನೀರು ಮರಳುತ್ತಿತ್ತು. ಫ್ರಿಜ್ಜಿನ ಮೇಲೆ ನಾನು ಕಳಿಸಿದ ಪತ್ರ, ಆಯಸ್ಕಾಂತ ಒತ್ತಿ ಅಂಟಿಸಿತ್ತು.

‘ನೀರು ಚೆನ್ನಾಗಿದೆ ಅಂತ ನೀವೇ ಬರೆದಿದೀರಲ್ಲ ಆರ್ಡಿತ್. ಆದ್ರೂ ನಾನು ಹತ್ತು ನಿಮಿಷ ಕುದಿಸಿಯೇ ಪುಡಿ ಕಲಸೋದು. ನಮ್ಮಜ್ಜಿ ಹೇಳ್ಕೊಟ್ಟಿದ್ದು.’

ಆರ್ಡಿತ್ ಮುಖ ಬಿಳಿಚಿತು. ಕುದಿಸಿದರೆ ನೀರು ಆವಿಯಾಗುತ್ತದೆ, ನೈಟ್ರೇಟ್ ಹೋಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಆ ಹುಡುಗಿ ತಿಂಗಳಿಂದ ಜೋಪಾನವಾಗಿ, ಪ್ರೀತಿಯಿಂದ, ಗಡಿಯಾರ ನೋಡಿಕೊಂಡು ವಿಷ ಕಾಯಿಸುತ್ತಿದ್ದಳು.

‘ಮಗು ಹೇಗಿದೆ?’

‘ಹಾಲು ಅರ್ಧಕ್ಕೇ ಬಿಡ್ತಾಳೆ. ಅಳೋದೂ ಕಮ್ಮಿ ಆಗಿದೆ. ಶೀತ ಅಂದ್ರು ಕರ್ಟ್.’

ಆರ್ಡಿತ್ ಎದ್ದು ಮಗುವಿನ ಕೈಗವಸು ಬಿಚ್ಚಿದಳು. ಉಗುರುಗಳು ಬೂದಿ ಬಣ್ಣ. ತುಟಿಯ ಸುತ್ತ ಮಸಿ ಒರೆಸಿದಂತಿತ್ತು. ಅಷ್ಟರಲ್ಲಿ ಅಂಗಳದಲ್ಲಿ ಕೌಂಟಿ ಗಾಡಿ ಕಂಡು ಕರ್ಟ್ ಹೊಲದಿಂದ ಓಡಿ ಬಂದಿದ್ದ. ಬಾಗಿಲಲ್ಲೇ ಟೊಪ್ಪಿ ತೆಗೆದು ನಿಂತ.

‘ಕರ್ಟ್, ಆ ಬಾಟಲಿ ಎಲ್ಲಿ ತುಂಬಿಸಿದೆ?’ ಅಂದಳು ಆರ್ಡಿತ್.

‘ಇಲ್ಲೇ, ನಮ್ಮ ಬಾವೀಲಿ’ ಅಂದ. ತನ್ನ ಬೂಟು ನೋಡಿದ. ಆಮೇಲೆ ನನ್ನ ಕಡೆ ನೋಡಿದ.

‘ಇನ್ನೊಂದ್ಸಲ ಕೇಳ್ತೀನಿ.’

‘ಬಾವೀಲೇ ಮೇಡಂ.’

ಆಗ ಆರ್ಡಿತ್ ಸಿಡಿದಳು. ‘ಥೂ ನಿನ್ನ! ಬೂಟು ಆಮೇಲೆ ನೋಡ್ಕೊಳ್ಳೋವಂತೆ, ನಿನ್ನ ಮಗಳ ಉಗುರು ನೋಡು! ನೋಡೋ ಇಲ್ಲಿ! ಶೀತ ಅಂತೆ ಶೀತ! ಇನ್ನೆರಡು ಬಾಟಲಿ ಕುಡಿದ್ರೆ ಇವಳನ್ನ ಹೂಳ್ತೀಯ, ಗೊತ್ತಾ? ಆವಾಗ್ಲೂ ಬಾವೀಲೇ ಅಂತೀಯಾ?’

ಕರ್ಟ್ ಮಗುವಿನ ಕೈ ನೋಡಿದ. ‘ಚರ್ಚಲ್ಲಿ’ ಅಂದ ಕೊನೆಗೆ. ‘ನಮ್ಮ ನೀರಲ್ಲಿ ಜಾಸ್ತಿ ಬಂದ್ರೆ ಅರ್ವಿಡ್ ಅವರ ಗುಂಡೀನ ಬೈದಂಗಾಗುತ್ತೆ. ನಮ್ಮಪ್ಪ ತೀರಿಕೊಂಡ ವರ್ಷ ನಮ್ಮ ಜೋಳ ಪೂರ್ತಿ ಕೊಯ್ದುಕೊಟ್ಟಿದ್ದು ಅವರು. ನಾನು ಇದೇ ನೀರು ಕುಡಿದು ಬೆಳೆದೋನು, ಏನಾಗಲ್ಲ ಅಂದ್ಕೊಂಡೆ.’

ಜೋಲೀನ್ ಒಲೆ ಆರಿಸಿದಳು. ‘ನಾನು ದಿನಾ ಆ ಕಾಗದ ಓದಿ ಧೈರ್ಯ ತಗೋತಿದ್ದೆ. ನೀನು ಪಕ್ಕದಲ್ಲೇ ಕೂತು ರೊಟ್ಟಿ ತಿಂತಿದ್ದೆ’ ಅಂದಳು. ಅಷ್ಟೇ ಅಂದದ್ದು.

ನಗರದ ಆಸ್ಪತ್ರೆ ಅರವತ್ತು ಮೈಲಿ. ಆರ್ಡಿತ್ ಓಡಿಸಿದಳು, ಜೋಲೀನ್ ಮಡಿಲಲ್ಲಿ ಮಗು, ನಾನು ಹಿಂದೆ ಬಾಟಲಿ ಪೆಟ್ಟಿಗೆಗಳ ನಡುವೆ. ಅರ್ಧ ದಾರಿಯಲ್ಲಿ ಮಗು ಅಳುವುದನ್ನೇ ನಿಲ್ಲಿಸಿತು. ‘ಕೆನ್ನೆ ತಟ್ಟು, ಮಲಗೋಕೆ ಬಿಡಬೇಡ’ ಅಂತ ಆರ್ಡಿತ್ ಕೂಗುತ್ತಲೇ ಇದ್ದಳು. ಆಸ್ಪತ್ರೆಯಲ್ಲಿ ತೆಗೆದ ರಕ್ತ ಕೆಂಪಗಿರಲಿಲ್ಲ, ಚಾಕೊಲೇಟಿನ ಬಣ್ಣಕ್ಕಿತ್ತು. ನರಕ್ಕೆ ಔಷಧಿ ಕೊಟ್ಟ ಒಂದು ಗಂಟೆಗೆ ತುಟಿ ಗುಲಾಬಿಯಾಯಿತು. ಮಗು ಕಿಟಾರನೆ ಅತ್ತಿತು. ಆರ್ಡಿತ್ ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟಳು. ಹೌಗೆನ್ ಬಾವಿಯ ನೀರು ಆಮೇಲೆ ಪರೀಕ್ಷೆ ಮಾಡಿದಾಗ ಮೂವತ್ತೆಂಟು ಬಂತು.

ಇಷ್ಟಾದ ಮೇಲೆ ಮಂಡಳಿಯವರು ಅವಳಿಗೆ ಕೈಮುಗಿಯಬೇಕಿತ್ತು. ಜೂನ್ ಸಭೆಯಲ್ಲಿ ಅರ್ವಿಡ್ ಒಂದು ನಿರ್ಣಯ ಓದಿದ. ಅಪ್ಪಣೆಯಿಲ್ಲದೆ ಖಾಸಗಿ ಅಂಗಳಕ್ಕೆ ಹೋದದ್ದು ಒಂದು, ಸರಿಯಾಗಿ ಪರಿಶೀಲಿಸದೆ ಹದಿನಾಲ್ಕು ಮನೆಗೆ ತಪ್ಪು ಪತ್ರ ಕಳಿಸಿ ಜನರನ್ನು ಅಪಾಯಕ್ಕೆ ದೂಡಿದ್ದು ಇನ್ನೊಂದು; ಎರಡಕ್ಕೂ ಆರ್ಡಿತ್ ಸ್ಕೋಗ್ಲಂಡ್ ಅವರನ್ನು ಕೆಲಸದಿಂದ ಬಿಡಿಸಬೇಕು ಅಂತ. ಪತ್ರದಲ್ಲಿ ಸಹಿ ಅವಳದೇ ತಾನೇ! ನಾನು ನಡಾವಳಿಯ ಪುಸ್ತಕ ತೆರೆದು ಕೂತಿದ್ದೆ. ಆರ್ಡಿತ್ ನನ್ನ ಮೊಹರಿನ ಮಾತೇ ಎತ್ತಲಿಲ್ಲ. ‘ಸಹಿ ನನ್ನದು’ ಅಂದಳು.

ಜೋಲೀನ್ ಬಂದಿದ್ದಳು, ಮಗು ತೋಳಲ್ಲಿ. ಕರ್ಟ್ ಪಕ್ಕದಲ್ಲಿ, ತಲೆ ತಗ್ಗಿಸಿಕೊಂಡು. ಹಿಂದಿನ ಸಾಲುಗಳಲ್ಲಿ ಬ್ರೆಕ್ಕೆಯ ಮಂದಿಯೆಲ್ಲ ಇದ್ದರು.

‘ನಂಗೊಂದು ತಿಳೀಬೇಕು’ ಅಂದಳು ಜೋಲೀನ್. ‘ನನ್ನ ಗಂಡ ಚರ್ಚಲ್ಲಿ ಬಾಟಲಿ ತುಂಬಿಸಿದ್ದು ಯಾರಿಗೂ ಗೊತ್ತಿರ್ಲಿಲ್ವಾ? ಒಬ್ರಿಗೂ? ಒಬ್ರು ಬಾಯಿ ಬಿಟ್ಟಿದ್ರೂ ಆ ಕಾಗದ ನಮ್ಮನೆಗೆ ಬರ್ತಿರ್ಲಿಲ್ಲ.’

‘ಮಗು ಚೆನ್ನಾಗಿದೆಯಲ್ಲಮ್ಮ, ಅದೇ ದೊಡ್ಡದು’ ಅಂದ ಅರ್ವಿಡ್. ‘ಹಳೇದೆಲ್ಲ ಕೆದಕೋದು ಬೇಡ.’

ಇಡೀ ಕೋಣೆ ಬೂಟು ನೋಡುತ್ತಿತ್ತು. ನನಗೆ ಬಂದ ಸಿಟ್ಟನ್ನು ಏನು ಹೇಳಲಿ! ಆ ಸಿಟ್ಟು ಅರ್ವಿಡ್ ಮೇಲೆ ಅಂದುಕೊಂಡೆ, ಕರ್ಟ್ ಮೇಲೆ ಅಂದುಕೊಂಡೆ, ಆ ಮುದಿ ಡಾಕ್ಟರ ಮೇಲೆ ಅಂದುಕೊಂಡೆ. ಪೆನ್ನು ಕೆಳಗಿಟ್ಟು ಎದ್ದು ನಿಂತೆ.

‘ನಂಗೆ ಗೊತ್ತಿತ್ತು’ ಅಂದೆ.

ನನ್ನ ಮನೆಯೂ ಬ್ರೆಕ್ಕೆಯಲ್ಲೇ. ಹದಿನಾಲ್ಕರಲ್ಲಿ ಒಂದು ಬಾಟಲಿ ನನ್ನದು. ಅದನ್ನೂ ಹೇಳಿದೆ. ಆ ಗುರುವಾರ ಹಾಡಿನ ಅಭ್ಯಾಸ ಮುಗಿಸಿ ಚರ್ಚಿನ ಅಡುಗೆಮನೆಯಲ್ಲಿ ನನ್ನ ಬಾಟಲಿ ತುಂಬಿಸುತ್ತಿದ್ದೆ. ಹಿಂದೆ ಹೆಜ್ಜೆ ಸಪ್ಪಳವಾಯಿತು. ತಿರುಗಿದರೆ ಕರ್ಟ್, ಅವನ ಕೈಯಲ್ಲೂ ಬಾಟಲಿ. ನಾನು ಪಕ್ಕಕ್ಕೆ ಸರಿದು ಅವನಿಗೆ ನಲ್ಲಿ ಬಿಟ್ಟುಕೊಟ್ಟೆ. ಅವನು ತುಂಬಿಸಿಕೊಳ್ಳುವವರೆಗೆ ಇಬ್ಬರೂ ಮಳೆಯ ಬಗ್ಗೆ ಮಾತಾಡಿದೆವು. ಮಗು ಹೇಗಿದೆ ಅಂತಲೂ ಕೇಳಿದೆ. ಮುಂದಿನ ವಾರ ಅವನ ಹೆಸರಿನ ಲಕೋಟೆ ನನ್ನ ಕೈಗೆ ಬಂದಾಗ, ಒಳಗಿನದು ಚರ್ಚಿನ ನೀರಿನ ಫಲಿತಾಂಶ ಅಂತ ಗೊತ್ತಿದ್ದೂ ಮೊಹರು ಒತ್ತಿದೆ. ಹೇಳಿದರೆ ನನ್ನದೂ ಹೊರಬೀಳುತ್ತಿತ್ತು.

ಜೋಲೀನ್ ಮಗುವನ್ನು ಇನ್ನೂ ಗಟ್ಟಿಯಾಗಿ ಅವುಚಿಕೊಂಡಳು. ಆರ್ಡಿತ್ ನನ್ನನ್ನೇ ನೋಡುತ್ತಿದ್ದಳು.

‘ಹಾಳೆ ತೋರಿಸಿ ಕೇಳಿದ ದಿನಾನೂ ಗೊತ್ತಿತ್ತಾ?’

‘ಹೂಂ.’

‘ಗಾಡೀಲಿ ನನ್ನ ಪಕ್ಕ ಕೂತಾಗ್ಲೂ?’

‘ಹೂಂ.’

ಅವಳು ಕೂಗಾಡುತ್ತಾಳೆ ಅಂತ ಕಾದೆ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಕುರ್ಚಿ ಎಳೆದುಕೊಂಡು ಕೂತಳು, ಅಷ್ಟೇ. ನಿರ್ಣಯ ಬಿದ್ದುಹೋಯಿತು, ಎತ್ತುವ ಮುಖ ಯಾರಿಗೂ ಇರಲಿಲ್ಲ. ಹದಿನಾಲ್ಕು ಅಂಗಳಕ್ಕೂ ಹೋಗುವ ಅಪ್ಪಣೆ ಆ ಸಂಜೆಯೇ ಸಿಕ್ಕಿತು.

ಮರುದಿನ ಬೆಳಗ್ಗೆ ಏಳು ಗಂಟೆಗೆ ಕೌಂಟಿಯ ಗಾಡಿ ಮೊದಲು ಬಂದು ನಿಂತದ್ದು ನನ್ನ ಅಂಗಳದಲ್ಲಿ. ದಾರಿಯಲ್ಲಿ ಹೋಗುವವರೆಲ್ಲ ನೋಡಿದರು. ನಾನು ಹೊರಗೆ ಬಂದು ನಲ್ಲಿ ತಿರುಗಿಸಿ, ಬಾಟಲಿಗೆ ಕೈ ಚಾಚಿದೆ. ಆರ್ಡಿತ್ ಕೊಡಲಿಲ್ಲ. ತಾನೇ ಬಗ್ಗಿ ತುಂಬಿಸಿದಳು, ತಾನೇ ಮುಚ್ಚಳ ಬಿಗಿದಳು, ಚೀಟಿಯ ಮೇಲೆ ನನ್ನ ಹೆಸರನ್ನೂ ತಾನೇ ಬರೆದುಕೊಂಡಳು.